ಒಂದೇ ಮನೆಯ ಉಪವಾಸ

ನಮ್ಮಣ್ಣ ಹೊಟ್ಟೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದರು, ಅವನ ಹೆಂಡತಿ, ನಮ್ಮ ವೈನಿ, ಅತ್ತರು, ಆಯುಷ್ಯವೆಲ್ಲ ಹಾನಗಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಈಗ ಅವನ ಮನೆಯಲ್ಲೇ ಇರುವ ತಂಗಿ ನಾನು ಗಂಟಲು ಹರಿದುಕೊಂಡೆ. ಅವನ ತಾಟಿನಲ್ಲಿ ಒಂದು ರೊಟ್ಟಿ ಕಡಿಮೆಯಾಗಲಿಲ್ಲ. ಇಂಥ ಮನುಷ್ಯ ಇಡೀ ಸವಣೂರಿನಲ್ಲಿ ಒಂದೇ ಒಂದು ಮನೆಗೆ ಹೋದಾಗ ಮಾತ್ರ ಉಪವಾಸ ಹಿಡಿಯುತ್ತಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ನಮ್ಮದು ಸಣ್ಣ ಸಭೆ. ತಗಡಿನ ಛಾವಣಿಯ ಪ್ರಾರ್ಥನಾ ಮಂದಿರ, ಭಾನುವಾರ ಬಂದು ಕೂಡುವ ಕೆಲವು ಮನೆತನಗಳು, ಅಷ್ಟೇ. ಖಾಯಂ ಪಾದ್ರಿ ಇಲ್ಲ. ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬರು ಬಂದು ಹೋಗುತ್ತಾರೆ. ಉಳಿದ ದಿನಗಳಿಗೆ ಸಭೆಯ ಹಿರಿಯ ಎಂದರೆ ನಮ್ಮಣ್ಣನೇ. ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಅವನು ಬೈಬಲ್ ವಾಕ್ಯ ಹೇಳಲು ನಿಂತರೆ ಅಳುವ ಕೂಸು ಸಹ ಸುಮ್ಮನಾಗುತ್ತದೆ, ಆ ಮಾತು ಮಾತ್ರ ಒಪ್ಪಬೇಕು. ವಾರಕ್ಕೊಂದು ಸಂಜೆ ಪಾಳಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಇರುತ್ತದೆ. ಹಾಡು, ವಾಕ್ಯ, ಪ್ರಾರ್ಥನೆ, ಆಮೇಲೆ ಊಟ. ಸುಳ್ಳೇಕೆ ಹೇಳಲಿ, ಕೆಲವರು ಬರುವುದೇ ಊಟಕ್ಕೆ.

ಪಾಳಿ ಎಲೆ ತೋಟದಾಕೆಯ ಮನೆಗೆ ಬಂತೆಂದರೆ ಅಣ್ಣ ಭಾನುವಾರವೇ ಎದ್ದು ನಿಂತು ಸಾರುತ್ತಿದ್ದ: “ಈ ವಾರ ಉಪವಾಸ ಪ್ರಾರ್ಥನಿ. ಮರುದಿನ ಮುಂಜಾನಿ ತನಕ ಯಾರೂ ಏನೂ ಮುಟ್ಟಬ್ಯಾಡ್ರಿ.” ಎಲ್ಲರೂ ಭಕ್ತಿಯಿಂದ ಗೋಣು ಹಾಕುತ್ತಿದ್ದರು. ಆಕೆಯ ಮನೆಯಲ್ಲಿ ಹಾಡಿ, ಪ್ರಾರ್ಥಿಸಿ, ಒಂದು ಲೋಟ ನೀರನ್ನೂ ಕುಡಿಯದೆ ಎದ್ದು ಬಂದು, ತಮ್ಮ ತಮ್ಮ ಮನೆಯ ಬಾಗಿಲು ಹಾಕಿಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಆಕೆ ವಿಧವೆ. ವೀಳ್ಯದೆಲೆಯ ತೋಟದಲ್ಲಿ ಎಲೆ ಕೊಯ್ದು, ಮನೆಗೆ ತಂದು, ಮಗಳ ಜೊತೆ ಕೂತು ಕಟ್ಟು ಕಟ್ಟುವುದು ಅವಳ ದುಡಿಮೆ. ಅವಳ ಹಿಂದಿನವರು ಯಾವ ಕೇರಿಯವರು ಎಂಬುದು ಊರಿಗೆಲ್ಲ ಗೊತ್ತು, ಉಪವಾಸದ ಕಾರಣವೂ ಅದೇ. ನಮ್ಮ ಮುತ್ತಜ್ಜ ಕ್ರೈಸ್ತನಾಗುವಾಗ ಮನೆದೇವರನ್ನು ಬಿಟ್ಟು ಬಂದನಂತೆ. ಜಾತಿಯನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದ. ಆ ಗಂಟನ್ನು ನಮ್ಮಣ್ಣ ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದಾನೆ. ಆಕೆ ಶನಿವಾರ ಮಂದಿರದ ಕಸ ಗುಡಿಸಲು ಬಂದಾಗ ಹಿರಿಯರಿಗೆಂದು ಒಂದು ಕಟ್ಟು ಎಲೆ ತರುತ್ತಿದ್ದಳು. ಊಟವಾದ ಮೇಲೆ ಅಣ್ಣ ಅದೇ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಒಮ್ಮೆ ಕೇಳಿದೆ. “ಆಕಿ ಕಟ್ಟಿದ ಎಲಿ ಬಾಯಾಗ ಹೊಕ್ಕೈತಿ, ಆಕಿ ಮಾಡಿದ ಅನ್ನ ಹೋಗಂಗಿಲ್ಲ. ಯಾಕಪಾ?”

“ಎಲಿ ತೊಳದ ತಿಂತೇವಲ್ಲ,” ಅಂದ.

ಅಯ್ಯ ಶಿವನೇ! ಕ್ರೈಸ್ತಳ ಬಾಯಲ್ಲಿ ಶಿವ ಬರಬಾರದು ಎಂದು ಅಣ್ಣ ನನ್ನನ್ನು ಬೈಯುತ್ತಾನೆ. ಇಂಥ ಉತ್ತರ ಕೇಳಿದರೆ ಯಾವ ದೇವರಾದರೂ ಬಾಯಿಗೆ ಬರಲೇಬೇಕು.

ನಾನು ಆ ಮನೆಯಲ್ಲಿ ಉಣ್ಣುತ್ತಿದ್ದೆ. ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ನಾನು ಒಳಗೆ ಹೋಗಿ ಒಲೆಯ ಮುಂದೆ ಕೂಡುತ್ತಿದ್ದೆ. ನನಗೊಬ್ಬಳಿಗೆಂದು ಆಕೆ ಒಂದು ಹಿಡಿ ಅನ್ನ ಇಡುತ್ತಿದ್ದಳು, ಆದರೂ ಆಕೆಗೇ ಸಂಕೋಚ. “ಅಕ್ಕಾರ, ಉಪವಾಸ ಮುರಿದಂಗ ಆತಲ್ರಿ.” ಅಣ್ಣ ಹೊರಗಿನಿಂದಲೇ, “ಆಕೀಗೆ ಬಿಪಿ ಗುಳಿಗಿ ಐತಿ, ಉಣ್ಣಲಿ ಬಿಡವಾ,” ಎಂದು ರಿಯಾಯಿತಿ ಕೊಡುತ್ತಿದ್ದ. ನನ್ನ ಬಿಪಿ ಏರುತ್ತಿದ್ದುದೇ ಅವನಿಂದ.

ಆದರೆ ಆಕೆಗೆ ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ, ಏಕೆಂದರೆ ಆಕೆಗೆ ಆ ಉಪವಾಸವೇ ದೊಡ್ಡ ಹೆಮ್ಮೆಯಾಗಿತ್ತು. “ಬ್ಯಾರೆದವರ ಮನ್ಯಾಗ ಬರೇ ಊಟದ ಪ್ರಾರ್ಥನಿರಿ. ನಮ್ಮ ಮನ್ಯಾಗ ಅಷ್ಟ ಉಪವಾಸದ್ದು. ದೇವರಿಗೆ ನಮ್ಮ ಮನಿ ಹೆಂಗ ಗೊತ್ತಾತೋ ಏನೋ!” ಎಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆ ದಿನ ನೆಲ ಸಾರಿಸಿ, ಗೋಡೆ ಒರೆಸಿ, ತಾನೂ ಮಗಳೂ ಮರುದಿನ ಬೆಳಗಿನವರೆಗೆ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಅಷ್ಟೂ ಜನರಲ್ಲಿ ಖರೇ ಉಪವಾಸ ಅವರಿಬ್ಬರದೇ.

ಹೋದ ವರ್ಷ ಮಗಳಿಗೆ ಹಿರೇಕೆರೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಎಲೆಕ್ಟ್ರಿಕ್ ಕೆಲಸ. ಅವರೂ ಕ್ರೈಸ್ತರು, ಇವರಂತೆಯೇ ಕೇರಿಯಿಂದ ಬಂದವರು. ಹುಡುಗಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಆದರೆ ಹುಡುಗನ ಅಪ್ಪ ಮಧ್ಯಸ್ಥನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದ್ದ. ನಿಶ್ಚಯದ ದಿನ ನಿಮ್ಮ ಸಭೆಯ ಹಿರಿಯರು ನಿಮ್ಮ ಮನೆಯಲ್ಲಿ ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಉಂಡರೆ ಬೀಗತನ, ಇಲ್ಲದಿದ್ದರೆ ಇಲ್ಲ. ಅವನ ಹಿರಿಯ ಮಗಳನ್ನು ಕೊಟ್ಟ ಊರಿನ ಸಭೆಯಲ್ಲಿ ಯಾರೂ ಆ ಮನೆಯ ನೀರು ಮುಟ್ಟುತ್ತಿರಲಿಲ್ಲವಂತೆ. ಮಗಳು ಬಾಣಂತನದಲ್ಲಿ ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಡಲು ಸಭೆಯಿಂದ ಒಬ್ಬನೂ ಬರಲಿಲ್ಲ. ಜೋಡಿ ಕೂತು ಉಣ್ಣದವರು ಹೊರಲಿಕ್ಕೂ ಬರುವುದಿಲ್ಲ ಎಂದು ಅವನಿಗೆ ಗಟ್ಟಿಯಾಗಿಬಿಟ್ಟಿತ್ತು.

ಎಲೆ ತೋಟದಾಕೆ ಇದನ್ನು ನನಗೆ ನಗುತ್ತ ಹೇಳಿದಳು. “ಇಷ್ಟಕ್ಕ ಅಷ್ಟ ಹೆದರತಾರಲ್ರಿ! ನಮ್ಮ ಹಿರಿಯಾರು ನಮ್ಮ ಮನಿ ಸಲುವಾಗಿ ಉಪವಾಸ ಇರ್ತಾರಂದ್ರ ಉಣ್ಣೂದೇನ ದೊಡ್ಡದು?”

ಮನೆಗೆ ಬಂದವಳೇ ಅಣ್ಣನ ಮುಂದೆ ನಿಂತೆ. “ನೋಡಪಾ, ಒಂದ ಹುಡುಗಿ ಬಾಳೇವು ನಿನ್ನ ತಾಟಿನ ಮ್ಯಾಲೆ ನಿಂತೈತಿ. ಎರಡ ತುತ್ತು ಉಣ್ಣು. ಬ್ಯಾರೆ ಏನೂ ಕೇಳಂಗಿಲ್ಲ.”

“ಆತು ಬಿಡು, ನೋಡೂಣು,” ಅಂದ. ಹೆಡ್‌ಮಾಸ್ತರನಾಗಿದ್ದಾಗ ರಜೆ ಕೇಳಲು ಬಂದವರಿಗೂ ಹೀಗೇ ಹೇಳುತ್ತಿದ್ದನಂತೆ.

ನಿಶ್ಚಯದ ಬೆಳಿಗ್ಗೆ ಅಣ್ಣ ಬದನೆಕಾಯಿ ಎಣಗಾಯಿ ಪಲ್ಯದ ಜೊತೆ ರೊಟ್ಟಿ ಬಾರಿಸುತ್ತ ಕೂತಿದ್ದ. ವೈನಿ ಹಾಕುತ್ತಿದ್ದರು, ಅವನು ಬೇಡ ಎನ್ನುತ್ತಿರಲಿಲ್ಲ. ನನಗೆ ಅಲ್ಲೇ ಸಂಶಯ ಬಂತು. “ಹನ್ನೆರಡಕ್ಕ ಅಲ್ಲಿ ಹುಗ್ಗಿ ಊಟ ಐತಿ. ಈಗ್ಯಾಕ ಇಷ್ಟ ತಿನ್ನಾಕತ್ತಿ?” ಎಂದೆ. ಅವನು ಬೆರಳು ನೆಕ್ಕಿ ಎದ್ದು ಕೈ ತೊಳೆಯಲು ಹೋದ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ಯಾರು ಕಟ್ಟಿದರೋ, ಅವರ ಮನೆಯಲ್ಲೂ ಒಬ್ಬ ಅಣ್ಣ ಇದ್ದಿರಬೇಕು.

ಆಕೆಯ ಮನೆಯ ಮುಂದೆ ಸಣ್ಣ ಚಪ್ಪರ ಹಾಕಿದ್ದರು. ಪಕ್ಕದ ಮನೆಯ ಆಪಾ ತಮ್ಮ ಮನೆಯ ದೊಡ್ಡ ಪಾತೇಲಿ, ಜಮಖಾನೆ ಎಲ್ಲ ಕೊಟ್ಟು, ತಾವೇ ಸೆರಗು ಕಟ್ಟಿ ಹುಗ್ಗಿ ತಿರುವುತ್ತಿದ್ದರು. ಆ ಓಣಿಯಲ್ಲಿ ಖಾರ ಕರಿದು ಮಾರುವ ಮುಸಲ್ಮಾನರ ಮನೆತನ ಅವರದು. ಹುಡುಗನ ಕಡೆಯವರು ನಸುಕಿನಲ್ಲೇ ಹಿರೇಕೆರೂರಿನ ಕಡೆಯಿಂದ ಟೆಂಪೋ ಹತ್ತಿದ್ದರಂತೆ, ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಹುಡುಗನ ಅಪ್ಪ ತೆಳ್ಳನೆಯ ಮನುಷ್ಯ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಬಂದವನೇ ಅಣ್ಣನಿಗೆ ಎರಡೂ ಕೈ ಮುಗಿದ.

ಅಣ್ಣ ಅವತ್ತು ಎಂದಿಗಿಂತ ಚೆನ್ನಾಗಿ ವಾಕ್ಯ ಹೇಳಿದ. “ದೇವರು ಮುಖಾ ನೋಡಿ ಮಣಿ ಹಾಕಾಂವಲ್ಲ. ಆತನ ನ್ಯಾಯದಾಗ ದೊಡ್ಡಾಂವ ಸಣ್ಣಾಂವ ಇಲ್ಲ. ಮಂದಿಗೆ ಬುದ್ಧಿ ಹೇಳಿ ತಾನು ತಪ್ಪಿ ನಡದಾಂವನ್ನ ಮೊದಲ ಹಿಡದು ಕೇಳತಾನ.” ಹೆಂಗಸರು ಕಣ್ಣೊರೆಸಿಕೊಂಡರು. ಹುಡುಗನ ಅಪ್ಪ ಪ್ರತಿ ಮಾತಿಗೂ “ಖರೇವರಿ, ಖರೇವರಿ” ಎನ್ನುತ್ತಿದ್ದ. ಹುಡುಗಿ ಹುಡುಗ ಉಂಗುರ ಬದಲಿಸಿದರು. ಎಲೆ ಅಡಿಕೆ ಹಂಚಿದರು, ಅಣ್ಣ ತನ್ನ ಪಾಲಿನದನ್ನು ಜೇಬಿಗೆ ಇಳಿಸಿದ. ಒಳಗೆ ಪಂಕ್ತಿ ಹಾಕಿ, ನಡುವಿನಲ್ಲಿ ಹಿರಿಯರಿಗೆಂದು ಒಂದು ಮಣೆ ಇಟ್ಟು ಆಕೆ ಕರೆಯಲು ಬಂದಳು.

ಆಗ ಅಣ್ಣ ಗಂಟಲು ಸರಿಮಾಡಿಕೊಂಡ. “ನಮ್ಮ ಸಭಿ ಇವತ್ತ ಉಪವಾಸದಾಗ ಐತ್ರಿ. ಈ ಹುಡುಗಿ ಸಲುವಾಗಿ, ಆಕಿ ಬಾಳೇವು ಛಲೋ ಆಗಲಿ ಅಂತ. ಬೀಗರು ನೀವು ಕುಂದ್ರಿ, ಉಣ್ರಿ.”

ನಾನು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿದ್ದೆ. ಆಕೆಯ ಮುಖ ನೋಡಿದರೆ, ಅರಳಿತ್ತು! “ನನ್ನ ಮಗಳ ಸಲುವಾಗಿ ಹಿರಿಯಾರು ಉಪವಾಸ ಹಿಡದಾರ,” ಎಂದು ಬೀಗರ ಕಡೆ ತಿರುಗಿ ಹೇಳಿದಳು.

ಉಣ್ಣಲು ಏಳಹೊರಟಿದ್ದ ಹುಡುಗನ ಅಪ್ಪ ಅಣ್ಣನ ಕಡೆ ತಿರುಗಿ ಮತ್ತೆ ಕೂತ. ಆಮೇಲೆ, “ಹಿರಿಯಾರು ನಮ್ಮ ಸೊಸಿ ಸಲುವಾಗಿ ಉಪವಾಸ ಇದ್ದಾಗ ನಾವು ಹುಗ್ಗಿ ಬಡಿಯೂದು ಛಂದ ಅಲ್ಲರಿ. ಕೂಸು ಕುನ್ನಿ ಉಣ್ಣಲಿ. ದೊಡ್ಡವರು ನಾವೂ ಹಿಡೀತೇವಿ. ಯಾವಾಗ ಬಿಡತೀರಿ?” ಎಂದ.

ಅಣ್ಣನಿಗಿಂತ ಮೊದಲು ಆಕೆಯೇ ಹೇಳಿಬಿಟ್ಟಳು. “ಸಂಜೀಗೆ ಇಲ್ಲೇ ಬಿಡಸ್ತೇನ್ರಿ. ನಮ್ಮ ಮನ್ಯಾಗ ಹಿಡದ ಉಪವಾಸ ನಮ್ಮ ಮನ್ಯಾಗ ಬಿಡಬೇಕು. ಆಗ ಎಲ್ಲಾರೂ ಒಂದ ಪಂಕ್ತ್ಯಾಗ ಕೂತ ಉಣ್ಣೂಣು.”

ಇದು ಆಕೆ ಸಭೆಯಲ್ಲಿ ಕಲಿತದ್ದಲ್ಲ, ಓಣಿಯಲ್ಲಿ ಕಲಿತದ್ದು. ರಂಜಾನಿನಲ್ಲಿ ಸಂಜೆ ಮಸೀದಿಯಲ್ಲಿ ಬಾಂಗ್ ಆಗುವ ಹೊತ್ತಿಗೆ ಯಾರು ಯಾವ ಮನೆಯಲ್ಲಿದ್ದರೆ ಅಲ್ಲೇ ಒಂದು ತಾಟಿನ ಸುತ್ತ ಕೂತು ರೋಜಾ ಬಿಡುವುದನ್ನು ಆಕೆ ಹುಟ್ಟಿದಾಗಿನಿಂದ ನೋಡಿದವಳು. ಸಭೆಯ ಉಪವಾಸ ಮಾತ್ರ ಪ್ರತಿ ಸಲವೂ ಬೆಳಗಿನವರೆಗೆ ಎಂದು ಸಾರಿದ್ದರಿಂದ, ಬಿಡಿಸುವ ಭಾಗ್ಯ ಆಕೆಗೆ ಸಿಕ್ಕಿರಲಿಲ್ಲ. ಈಗ ಮಧ್ಯಾಹ್ನದ ಉಪವಾಸ ಸಿಕ್ಕಿತ್ತು. ಆಪಾ ಕೂಡ, “ಹೌದವಾ, ಬರೋಬ್ಬರಿ. ಖಜೂರ ನಾ ತರತೇನಿ,” ಎಂದರು.

ಅಣ್ಣ ಇಂಗು ತಿಂದ ಮಂಗನಂತೆ ಕೂತ. ಸಭೆಯವರು ಒಬ್ಬೊಬ್ಬರಾಗಿ ಎದ್ದರು, ಒಬ್ಬರಿಗೆ ಎಮ್ಮೆ ಹಿಂಡಬೇಕಿತ್ತು, ಇನ್ನೊಬ್ಬರಿಗೆ ಬಸ್ಸು ತಪ್ಪುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಸದ್ದೇ ಮಾಡದ ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋದ. ತಿರುಗಿ ಬಂದು, “ಹಿರೇಬೆಂಡಿಗೇರ್ಯಾಗ ಒಬ್ಬರು ಭಾಳ ಸೀರಿಯಸ್ ಅದಾರಂತ. ಪ್ರಾರ್ಥನಿ ಮಾಡಿ ಸಂಜಿ ಅನ್ನೂದ್ರಾಗ ಬರ್ತೇನಿ,” ಎಂದು ಸ್ಕೂಟರ್ ಹತ್ತಿದ. ಹಿರೇಬೆಂಡಿಗೇರಿಯಲ್ಲಿ ನಮಗೆ ಪರಿಚಯದವರು ಒಬ್ಬರೂ ಇಲ್ಲ.

ನಾನು ಅಲ್ಲೇ ಉಳಿದೆ. ಮಕ್ಕಳು ಉಂಡು ಚಪ್ಪರದಡಿ ಮಲಗಿದವು. ದೊಡ್ಡವರು ಬಿಸಿಲು ಇಳಿಯುವುದನ್ನೇ ನೋಡುತ್ತ ಗೋಡೆಗೆ ಒರಗಿದ್ದರು. ಹುಗ್ಗಿ ತಣ್ಣಗಾಯಿತು, ಆಕೆ ಮತ್ತೆ ಬಿಸಿ ಮಾಡಿದಳು, ಮತ್ತೆ ತಣ್ಣಗಾಯಿತು. ಅಷ್ಟು ಜನ ಹಸಿದು ಕೂತದ್ದು ಹೊಟ್ಟೆ ತುಂಬಿದವನೊಬ್ಬನ ಗೌರವಕ್ಕೆ. ನನಗೆ ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವರಿಗೆ ಹೇಳಿಬಿಡಲೇ ಎಂದರೆ ಸಂಬಂಧ ಮುರಿಯುತ್ತದೆ, ಸುಮ್ಮನಿರಲೇ ಎಂದರೆ ಇವರು ಉಣ್ಣುವುದಿಲ್ಲ.

ಸಂಜೆ ಬಾಂಗ್ ಆಯಿತು. ಅಣ್ಣ ಬರಲಿಲ್ಲ. ಆಕೆ ಎದ್ದು ಡಬ್ಬಿಗೆ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ ಹಾಕತೊಡಗಿದಳು. “ಹಿರಿಯಾರು ದಣಿದ ನೆಟ್ಟಗ ಮನಿಗೆ ಹೋಗಿರಬೇಕರಿ. ಸಕ್ಕರಿ ಮನಷ್ಯಾರು, ನಮ್ಮ ಸಲುವಾಗಿ ಹಸದ ಕುಂತಿರತಾರ. ನಾನ ಹೋಗಿ ಉಪವಾಸ ಬಿಡಿಸಿ ಬರ್ತೇನಿ.”

“ನಾ ಒಯ್ಯತೇನಿ ಕೊಡವಾ,” ಎಂದು ಕೈ ಚಾಚಿದೆ. ಡಬ್ಬಿ ಬಿಡಲಿಲ್ಲ. ಬೇರೆ ದಾರಿ ಇಲ್ಲದೆ ಹಿಂದೆ ಹೋದೆ.

ನಮ್ಮ ಮನೆಯ ಬಾಗಿಲು ತೆರೆದಿತ್ತು. ಅಣ್ಣ ಪಡಸಾಲೆಯಲ್ಲಿ ತಾಟಿನ ಮುಂದೆ ಕೂತಿದ್ದ. ರೊಟ್ಟಿ, ಬೆಳಗಿನ ಎಣಗಾಯಿ, ಮೊಸರು. ವೈನಿ ಪಕ್ಕದಲ್ಲಿ ಅನ್ನದ ಬೋಗುಣಿ ಹಿಡಿದು ನಿಂತಿದ್ದರು. ಆಕೆಯನ್ನು ನೋಡಿದವನೇ ಕೈಯಲ್ಲಿನ ತುತ್ತನ್ನು ತಾಟಿಗೆ ಬಿಟ್ಟ. “ಸಕ್ಕರಿ ಇಳದಂಗ ಆತು… ಡಾಕ್ಟರು…” ಎಂದು ಏಳಹೋದ.

“ಏಳಬ್ಯಾಡ್ರಿ, ಉಣ್ಣೂವಾಗ ಏಳಬಾರದು,” ಎಂದಳು ಆಕೆ. ಡಬ್ಬಿಯನ್ನು ಒಳಗೂ ತರಲಿಲ್ಲ, ಹೊಸ್ತಿಲ ಮೇಲೂ ಇಡಲಿಲ್ಲ. ಸೆರಗಿನಡಿ ಹಿಡಿದುಕೊಂಡು ತಿರುಗಿದಳು.

ಅರ್ಧ ದಾರಿ ನನಗಿಂತ ಮುಂದೆ ಸರಸರ ನಡೆದಳು. ಆಮೇಲೆ ನಿಂತು ಕೇಳಿದಳು. “ಅಕ್ಕಾರ, ಇಷ್ಟ ವರ್ಷ ನಮ್ಮ ಮನಿ ಉಪವಾಸ ಅಂದ್ರ ಇದೇನ್ರಿ?”

“ಹೌದವಾ,” ಎಂದೆ. ಬೇರೆ ಏನು ಹೇಳಲಿ? ಆಕೆ ಅಳಲಿಲ್ಲ. ಅತ್ತಿದ್ದರೆ ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು. ನಾನೇ ದಾರಿಯುದ್ದಕ್ಕೂ ಗೊಣಗಿದೆ. “ಬೀಗರಿಗೆ ಏನೂ ಹೇಳಬ್ಯಾಡ. ಹಿರಿಯಾಂವ ದವಾಖಾನ್ಯಾಗ ಅದಾನ ಅಂತ ನಾ ಹೇಳತೇನಿ. ನನ್ನ ಮಾತು ನಂಬತಾರ. ಹುಡುಗಿ ಮದುವಿ ಆಗಲಿ ಮೊದಲ.”

ಆಕೆ ಚಪ್ಪರಕ್ಕೆ ಬಂದು ಹುಡುಗನ ಅಪ್ಪನ ಮುಂದೆ ಡಬ್ಬಿ ಇಟ್ಟಳು. ಮಗಳು ಬಾಗಿಲಲ್ಲಿ ನಿಂತಿದ್ದಳು.

“ಹಿರಿಯಾರು ಬರಂಗಿಲ್ಲರಿ. ಅವರ ಮನ್ಯಾಗ ಅವರು ಉಂಡರು. ನಮ್ಮ ಮನ್ಯಾಗ ಅವರು ಯಾವತ್ತೂ ಉಂಡಿಲ್ಲ. ನನಗ ಇವತ್ತ ಗೊತ್ತಾತು. ನಿಮ್ಮ ಮಾತು ನಿಮಗ ಬಿಟ್ಟದ್ದು.”

ನಾನು ಕಣ್ಣು ಮುಚ್ಚಿಕೊಂಡೆ. ಓಣಿಯಲ್ಲಿ ಯಾರೋ ಎಣ್ಣೆಯಲ್ಲಿ ಖಾರ ಬಿಡುವ ಸಪ್ಪಳ ಕೇಳುತ್ತಿತ್ತು. ಹುಡುಗನ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದ, ತನ್ನ ಮಗನನ್ನು ನೋಡಿದ.

“ನೀ ಸುಳ್ಳ ಹೇಳಿದ್ರ ನನಗ ಗೊತ್ತಾಗತಿದ್ದಿಲ್ಲ, ತಂಗಿ,” ಎಂದ. “ಬೀಗತನ ನಿನ್ನ ಜೋಡಿ ಮಾಡತೇನಿ, ನಿಮ್ಮ ಸಭಿ ಜೋಡಿ ಅಲ್ಲ. ಮದುವಿ ಮಾತ್ರ ಇಲ್ಲಿ ಬ್ಯಾಡ, ನಮ್ಮೂರಾಗ ಆಗಲಿ. ತಾಟು ಹಚ್ಚು.”

ಆಪಾ ಖರ್ಜೂರದ ತಾಟು ಹಿಡಿದು ಬಂದು ಪಂಕ್ತಿಯಲ್ಲೇ ಕೂತರು. ನಡುವಿನ ಮಣೆ ಖಾಲಿ ಇತ್ತು, ಹುಡುಗನ ಅಪ್ಪ ನನ್ನನ್ನು ಅದರ ಮೇಲೆ ಕೂರಿಸಿದ. ಹುಗ್ಗಿ ತಣ್ಣಗಾಗಿತ್ತು. ಆಕೆ ಎಲ್ಲರಿಗೂ ಬಡಿಸಿದಳು, ತಾನೂ ಉಂಡಳು. ಆದರೆ ತಾನೇ ಗುಡಿಸಿ ಸಾರಿಸಿದ ಮಂದಿರದಲ್ಲಿ ಮಗಳ ಮದುವೆ ನೋಡಬೇಕೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು. ಮದುವೆ ಹಿರೇಕೆರೂರಿನ ಆಚೆಯ ಹಳ್ಳಿಯಲ್ಲಾಯಿತು. ನಮ್ಮ ಸಭೆಯಿಂದ ಹೋದವಳು ನಾನೊಬ್ಬಳೇ.

ಇನ್ನು ಆಕೆ ಸಭೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಅಣ್ಣನಿಗೂ ಅದೇ ಆಸೆ ಇತ್ತು ಎಂದು ಕಾಣುತ್ತದೆ. ಶನಿವಾರ ಪೊರಕೆ ಹಿಡಿದು ಬಂದಳು, ಭಾನುವಾರವೂ ಬಂದಳು. ಎಲೆಯ ಕಟ್ಟು ಮಾತ್ರ ಬರುವುದು ನಿಂತಿತು. ಅಣ್ಣ ಈಗ ಪೇಟೆಯಲ್ಲಿ ದುಡ್ಡು ಕೊಟ್ಟು ತರುತ್ತಾನೆ. ಯಾರು ಕಟ್ಟಿದ್ದೋ, ಅವನು ಕೇಳುವುದಿಲ್ಲ.

ಮದುವೆಯಾದ ಮೇಲೆ ಪಾಳಿ ನಮ್ಮ ಮನೆಗೆ ಬಂತು. ವೈನಿ ಕೋಳಿ ಸಾರು, ಚಪಾತಿ, ಶೇಂಗಾ ಹೋಳಿಗೆ ಮಾಡಿದ್ದರು. ಅಣ್ಣ ಅವತ್ತು ಕಪಟದ ಮೇಲೆ ವಾಕ್ಯ ಹೇಳಿದ, ಪುಣ್ಯಾತ್ಮ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಅಲ್ಲಿ ಬಹಳ ಜನ ಇದ್ದರು, ಅವನೊಬ್ಬ ಮುಟ್ಟಿಕೊಳ್ಳಲಿಲ್ಲ. ಪ್ರಾರ್ಥನೆ ಮುಗಿದು ಪಂಕ್ತಿ ಕೂತಿತು. ವೈನಿ ತಾಟು ಇಡುತ್ತ ಎಲೆ ತೋಟದಾಕೆಯ ಮುಂದೆ ಬಂದರು.

ಆಕೆ ಕೈ ಅಡ್ಡ ಹಿಡಿದಳು. “ನನಗ ಬ್ಯಾಡ್ರಿ. ಇವತ್ತ ನಂದು ಉಪವಾಸ.”

ಅಣ್ಣನ ಬಾಯಲ್ಲಿ ಆಗಲೇ ತುತ್ತು ಇತ್ತು. ನುಂಗಲು ಒದ್ದಾಡಿ, ಹೆಡ್‌ಮಾಸ್ತರನ ದನಿ ತಂದುಕೊಂಡು ಕೇಳಿದ. “ಸಭಿ ಸಾರಿಲ್ಲಲ್ಲವಾ. ಯಾರ ಸಲುವಾಗಿ ಉಪವಾಸ?”

“ನಿಮ್ಮ ಸಲುವಾಗೇರಿ,” ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ನಮ್ಮ ಮನ್ಯಾಗ ಉಣ್ಣೂ ತನಕ ಹಿಡದೇನ್ರಿ.”

ಅಂದಿನಿಂದ ಯಾರ ಮನೆಯ ಪ್ರಾರ್ಥನೆಗೂ ಎಲ್ಲರಿಗಿಂತ ಮೊದಲು ಬರುತ್ತಾಳೆ, ಹಾಡುತ್ತಾಳೆ, ಅಣ್ಣನ ಹೆಸರು ಹೇಳಿ ಪ್ರಾರ್ಥಿಸುತ್ತಾಳೆ. ಊಟದ ತಾಟು ಬಂದಾಗ ಮಾತ್ರ ಕೈ ಅಡ್ಡ ಹಿಡಿಯುತ್ತಾಳೆ. ಅಣ್ಣ ಇನ್ನೂ ಆ ಮನೆಯಲ್ಲಿ ಉಂಡಿಲ್ಲ. ಈ ವಾರ ಮತ್ತೆ ನಮ್ಮ ಮನೆಯ ಪಾಳಿ. ಬೆಳಿಗ್ಗೆ ವೈನಿ ಜೋಳದ ಹಿಟ್ಟು ಜರಡಿ ಹಿಡಿಯುತ್ತ, “ಆಕೀಗೂ ತಾಟು ಇಡಲೇನ್ರಿ?” ಎಂದು ಕೇಳಿದರು. ಅಣ್ಣ ಪೇಪರು ಓದುತ್ತಿದ್ದ. ವೈನಿ ಇನ್ನೊಮ್ಮೆ ಕೇಳಿದರು.